ಅತಿಥಿ ಉಪನ್ಯಾಸಕಿಯ ಒಗ್ಗರಣೆ ಪಾಠ

ಚಿಂತಾಮಣಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕಿ ಮಹತಿಗೆ ಎರಡು ತಿಂಗಳ ಸಂಬಳ ಬಾಕಿ, ಗೌರವಕ್ಕೇನೂ ಕಡಿಮೆಯಿಲ್ಲ: ಸಮಾರಂಭವೆಂದರೆ ಪ್ರಾರ್ಥನೆ ಹಾಡುವುದೂ ಅವಳೇ, ಕುರ್ಚಿ ಹಾಕಿಸುವುದೂ ಅವಳೇ. ಪಾಠದ ಉದಾಹರಣೆಯೆಲ್ಲ ಅಡುಗೆಮನೆಯಿಂದಲೇ. "ಒಗ್ಗರಣೆ ವಾಸನೆ ಒಲೆ ಹತ್ರ ಘಾಟು, ಬೀದೀಲಿ ತೆಳು. ಭ್ರೂಣದ ಕೈಯಲ್ಲೂ ಹಂಗೇ ಕಣ್ರಪ್ಪ. ಯಾವ ಬೆರಳು ಎಲ್ಲಿ ಅಂತ ಹೇಳೋ ಸಂಕೇತದ ಅಣು ಗಾಢವಾಗಿರೋ ಕಡೆ ಕಿರುಬೆರಳು, ತೆಳುವಾದ ಕಡೆ ಹೆಬ್ಬೆರಳು." "ಮಿಸ್, ಸರ್ಕಾರದ ಒಗ್ಗರಣೆ ನಿಮ್ ತನಕ ಬರೋದೇ ಇಲ್ವಲ್ಲ!" ಎಂದು ಹಿಂದಿನ ಬೆಂಚು ನಗುತ್ತದೆ. ಅವಳೂ ನಗುತ್ತಾಳೆ, ಮೇಜು ಹಿಡಿದುಕೊಂಡು. ಏಳು ತಿಂಗಳು ತುಂಬಿದೆ. ಹೆರಿಗೆ ರಜೆ ಕೇಳಿದ್ದಕ್ಕೆ ಪ್ರಾಂಶುಪಾಲರು, "ರಜೆ ಯಾಕಮ್ಮ? ಕೆಲಸಾನೇ ಬಿಟ್ಬಿಡಮ್ಮ, ಬೇರೇರನ್ನ ತಗೋತೀವಿ" ಅಂದರು. ಒಳಗಿನ ಕೂಸಿಗೆ ಬೆರಳು ಮೂಡಿ, ಮುಷ್ಟಿ ಹಿಡಿಯುವುದೂ ಬಂದಿದೆ. ಬಾಕಿ ಸಂಬಳಕ್ಕೂ ಹೆರಿಗೆ ರಜೆಗೂ ಸೋಮವಾರ ಕಾಲೇಜಿನ ಗೇಟಿನೆದುರು ಮಹತಿಯ ಧರಣಿ. ಬಸುರಿಯೊಬ್ಬಳನ್ನೇ ಬಿಸಿಲಲ್ಲಿ ಕೂರಿಸಬೇಡಿ, ನೀವೂ ಬನ್ನಿ.