ಕೀನ್ಯಾದಲ್ಲೊಂದು ಸದ್ದಿಲ್ಲದ ಖೊ-ಖೊ

ಕಳೆದ ವರ್ಷದ ಡಿಸೆಂಬರ್ ತಿಂಗಳು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದ ನಾನು ನಿವೃತ್ತಳಾಗಿ ಒಂದೂವರೆ ವರ್ಷವಾಗಿತ್ತು. ಮೂವತ್ತೊಂದು ವರ್ಷ ಮೈದಾನದಲ್ಲಿ ಸೀಟಿ ಊದಿದವಳು ಕೊಟ್ಟೂರಿನ ಮನೆಯಲ್ಲಿ ಕೂತು ಕುಕ್ಕರ್ ಕೂಗುವುದನ್ನು ಎಣಿಸುತ್ತಿದ್ದೆ. ಆಗ ಬಂದಳು ನನ್ನ ಗೆಳತಿ ಗ್ರೇಸಮ್ಮ. ಹಡಗಲಿಯಲ್ಲಿ ನರ್ಸ್ ಆಗಿದ್ದವಳು. ಅವಳ ಚರ್ಚಿನ ಆರು ಮಂದಿ ಕೀನ್ಯಾ ದೇಶದ ಹಳ್ಳಿಯೊಂದಕ್ಕೆ ಮಿಷನ್ ಸೇವೆಗೆ ಹೊರಟಿದ್ದರು. ಸೇವೆ ಎಂದರೆ ಅಲ್ಲಿನ ಚರ್ಚ್ ನಡೆಸುವ ಮಕ್ಕಳ ರಜಾ ಶಿಬಿರದಲ್ಲಿ ಹನ್ನೆರಡು ದಿನ ಕೈಲಾದ ಕೆಲಸ ಮಾಡಿಕೊಡುವುದು.

“ಪ್ರಾರ್ಥನಿ ಮಾಡಾಕ ನಮ್ಮಲ್ಲಿ ಮಂದಿ ಅದಾರ ಪಾರಕ್ಕ. ಎಂಬತ್ತು ಹುಡುಗ್ರನ್ನ ಆಡಿಸಾಕ ಯಾರೂ ಇಲ್ಲ. ನೀ ಬಾ.”

“ನಾ ದಿನಾ ಹಣಿಗೆ ಇಬತ್ತಿ ಹಚ್ಚಾಕಿ. ನಿಮ್ಮ ಚರ್ಚಿನೋರು ಒಪ್ತಾರೇನು?”

“ಹಚ್ಗೊಂಡೇ ಬಾರವ್ವ. ಸೀಟಿ ಮಾತ್ರ ಮರಿಬ್ಯಾಡ.”

ಅರವತ್ತೊಂದನೆಯ ವಯಸ್ಸಿಗೆ ಮೊದಲ ಪಾಸ್‌ಪೋರ್ಟ್! ವಿಮಾನದಲ್ಲಿ ನನಗೆ ನಿದ್ದೆ ಹತ್ತಲಿಲ್ಲ. ಅಲ್ಲಿ ಇಳಿದು, ಒಂದಿಡೀ ದಿನ ಬಸ್ಸಿನಲ್ಲಿ ಕುಲುಕಿ ಆ ಹಳ್ಳಿ ಮುಟ್ಟಿದಾಗ ಕಂಡದ್ದು ಅಪ್ಪಟ ಕೂಡ್ಲಿಗಿ ಸೀಮೆಯ ಕೆಂಪು ಮಣ್ಣು. ನೆಲ ನೋಡಿದ್ದೇ ನನ್ನ ಕಾಲು ಕುಣಿಯತೊಡಗಿದವು. ಅವತ್ತೇ ಸುಣ್ಣದ ಪುಡಿಯಲ್ಲಿ ಖೊ-ಖೊ ಅಂಕಣ ಬರೆದು ಎರಡು ಕಂಬ ನೆಡಿಸಿದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬೆನ್ನಟ್ಟುವ ತಂಡದ ಎಂಟು ಮಂದಿ ಸಾಲಾಗಿ, ಒಬ್ಬರು ಬಿಟ್ಟು ಒಬ್ಬರು ವಿರುದ್ಧ ದಿಕ್ಕಿಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಒಂಬತ್ತನೆಯವಳು ಎದುರಾಳಿಗಳನ್ನು ಅಟ್ಟಿಸಿಕೊಂಡು ಹೋಗುತ್ತಾಳೆ, ಒಬ್ಬಳನ್ನು ಮುಟ್ಟಿದರೆ ಒಂದು ಅಂಕ. ಸಾಕೆನಿಸಿದಾಗ ಕೂತವಳ ಬೆನ್ನು ಮುಟ್ಟಿ ಜೋರಾಗಿ ‘ಖೊ’ ಎಂದರೆ ಓಟ ಅವಳದು. ಮುಟ್ಟಿಯೂ ಕೂಗದಿದ್ದರೆ ಫೌಲ್. ಕಂಬ ದಾಟದೆ ಹಿಂದಿರುಗಿದರೂ ಫೌಲ್. ನನ್ನ ಮೈದಾನದಲ್ಲಿ ಫೌಲ್ ಅಂದರೆ ಫೌಲ್, ಅಲ್ಲಿ ಚರ್ಚೆಯಿಲ್ಲ.

ಮೂರನೆಯ ದಿನಕ್ಕೆ ಎಂಬತ್ತು ಮಕ್ಕಳ ನಡುವೆ ಒಬ್ಬಳು ನನ್ನ ಕಣ್ಣು ಕುಕ್ಕಿದಳು. ಅವಿನೊ, ಹನ್ನೊಂದು ವರ್ಷದವಳು. ಏನು ಓಟ ಅಂತೀರಿ! ಆದರೆ ಬೆನ್ನು ಮುಟ್ಟುತ್ತಿದ್ದಳೇ ಹೊರತು ‘ಖೊ’ ಅನ್ನುತ್ತಿರಲಿಲ್ಲ. ಸೀಟಿ ಊದಿದರೂ ನಿಲ್ಲುತ್ತಿರಲಿಲ್ಲ. ನಾಲ್ಕನೆಯ ಸಲಕ್ಕೆ ನನಗೆ ಪಿತ್ತ ನೆತ್ತಿಗೇರಿತು. ರಟ್ಟೆ ಹಿಡಿದು ನಿಲ್ಲಿಸಿದೆ. ಉಳಿದ ಮಕ್ಕಳು ಏನೋ ಕೂಗುತ್ತಾ ತಮ್ಮ ಕಿವಿ ಹಿಡಿದು ತೋರಿಸಿದರು. ನಮ್ಮ ಶಾಲೆಗಳಲ್ಲಿ ಕಿವಿ ಹಿಡಿಯುವುದೆಂದರೆ ಒಂದೇ ಅರ್ಥ: ಬಸ್ಕಿ. ಇವಳಿಗೆ ಬಸ್ಕಿ ಹೊಡೆಸಿ ಅಂತ ಮಕ್ಕಳೇ ಹೇಳುತ್ತಿದ್ದಾರೆ ಅಂದುಕೊಂಡೆ. ಅವಳ ಎರಡೂ ಕೈ ಎತ್ತಿ ಅವಳ ಕಿವಿಗೆ ಹಚ್ಚಿ, ಹತ್ತು ಬಸ್ಕಿ ಹೊಡೆಸಿದೆ. ಹತ್ತೂ ಮುಗಿಸಿ, ನನ್ನ ಮುಖ ಒಮ್ಮೆ ನೋಡಿ, ಅವಳು ಮೈದಾನ ಬಿಟ್ಟು ಓಡಿಹೋದಳು.

ಅಡುಗೆ ಕೋಣೆಯಿಂದ ಓಡಿಬಂದ ಶಿಬಿರದ ಶಿಕ್ಷಕಿ ಅಕಿನಿ ಇಂಗ್ಲಿಷಿನಲ್ಲಿ ಹೇಳಿದಳು: “ಮೇಡಂ, ಅವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಮಾತೂ ಇಲ್ಲ. ಯಾವ ಆಟಕ್ಕೂ ಯಾರೂ ಅವಳನ್ನು ಸೇರಿಸಿಕೊಂಡಿರಲಿಲ್ಲ. ಇಲ್ಲಿಗೆ ಅವಳಾಗಿಯೇ ಬಂದಿದ್ದಳು.”

ಥೂ, ನನ್ನ ಜನ್ಮಕ್ಕಿಷ್ಟು! ಕೇಳದ ಕಿವಿಯನ್ನೇ ಹಿಡಿಸಿ ಶಿಕ್ಷೆ ಕೊಟ್ಟಿದ್ದೆ. ಅವಿನೊ ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಹನ್ನೊಂದನೆಯ ದಿನ, ಶಿಬಿರಕ್ಕೇ ಬರುತ್ತಿದ್ದ ಪಕ್ಕದ ಹಳ್ಳಿಯ ಮಕ್ಕಳ ಜೊತೆ ಪಂದ್ಯ ಗೊತ್ತಾಗಿತ್ತು. ಅವಳು ಈ ಸಲ ಹಿಂದೆ ಸರಿದರೆ ಮತ್ತೆಂದೂ ಯಾವ ಮೈದಾನಕ್ಕೂ ಕಾಲಿಡುವುದಿಲ್ಲ ಎಂದಳು ಅಕಿನಿ. ನಾನು ಗ್ರೇಸಮ್ಮನನ್ನು ಕರೆದುಕೊಂಡು ಅವಿನೊಳ ಮನೆಗೆ ಹೋದೆ.

ಅಜ್ಜಿ ಅಂಗಳದಲ್ಲಿ ಮೆಕ್ಕೆಜೋಳ ಬಿಡಿಸುತ್ತಿದ್ದಳು. ಅವಿನೊ ನನ್ನನ್ನು ಕಂಡದ್ದೇ ಗೋಡೆಗೆ ಮುಖ ಮಾಡಿದಳು. ತಪ್ಪಾಯಿತು ಅಂತ ಹೇಗೆ ಹೇಳಲಿ? ನನ್ನ ಕೈ ತಾನಾಗಿ ನನ್ನ ಕಿವಿಗೆ ಹೋಯಿತು.

ಗ್ರೇಸಮ್ಮ ಕೈ ಹಿಡಿದು ಎಳೆದಳು. “ಏ, ಹುಚ್ಚಿ ಅದಿಯೇನು? ಮತ್ತ ಕಿವಿ ಹಿಡಿತಿಯಲ್ಲ! ಅಣಕಿಸಿದಂಗ ಆಗ್ತೈತಿ.”

ಹೌದಲ್ಲ! ಇನ್ನೇನೂ ಹೊಳೆಯದೆ, ನನಗೆ ಬರುವ ಒಂದೇ ವಿದ್ಯೆ ಮಾಡಿದೆ. ಅವಳಿಗೆ ಬೆನ್ನು ಹಾಕಿ, ಅಂಗಳದ ನಡುವೆ ಖೊ-ಖೊ ಆಟಗಾರ್ತಿಯಂತೆ ಕುಕ್ಕರಗಾಲಲ್ಲಿ ಕೂತೆ. ಎರಡೂ ಮಂಡಿ ಸವೆದ ಹೆಂಗಸು ನಾನು. ಐದು ನಿಮಿಷಕ್ಕೆ ತೊಡೆ ನಡುಗಿದವು, ಬೆವರು ಇಳಿಯಿತು. “ಏಳವ್ವ, ಸಾಯ್ತಿ” ಅಂದಳು ಗ್ರೇಸಮ್ಮ. ಏಳಲಿಲ್ಲ. ಇನ್ನೇನು ಮುಗ್ಗರಿಸಬೇಕು ಅನ್ನುವಾಗ ಬೆನ್ನ ಮೇಲೆ ಫಟ್ ಎಂದು ಒಂದು ಏಟು ಬಿತ್ತು. ದೇವರಾಣೆ, ಅಂಥ ಸಿಹಿ ಏಟು ನಾನು ತಿಂದಿಲ್ಲ. ಎದ್ದವಳೇ ಕುಂಟುತ್ತಾ ಅಂಗಳ ತುಂಬ ಓಡಿದೆ. ಅಜ್ಜಿ ಜೋಳ ಬಿಟ್ಟು ನಕ್ಕಳು. ಆಮೇಲೆ ಅವಿನೊ ನಕ್ಕಳು.

ಪಂದ್ಯದ ದಿನ ಎರಡೂ ತಂಡಗಳಿಗೆ ಒಂದೇ ನಿಯಮ ಹೇಳಿದೆ: ಇವತ್ತು ಯಾರೂ ‘ಖೊ’ ಅನ್ನುವಂತಿಲ್ಲ, ಬೆನ್ನ ಮೇಲಿನ ಏಟು ನನ್ನ ಕಣ್ಣಿಗೆ ಕಂಡರೆ ಸಾಕು. ಸೀಟಿಯ ಬದಲು ಕೆಂಪು ಟವೆಲ್ ಬೀಸುತ್ತೇನೆ. ಸುತ್ತಲೂ ಇನ್ನೂರು ಜನ ಉಸಿರು ಬಿಗಿಹಿಡಿದು ನಿಂತರು. ಕೇಳುತ್ತಿದ್ದದ್ದು ಬರಿಗಾಲುಗಳ ದಡಬಡ ಮಾತ್ರ. ಎದುರಾಳಿಗಳು ಪಡೆದದ್ದು ಆರು ಅಂಕ. ನಮ್ಮವರೂ ಆರಕ್ಕೆ ಮುಟ್ಟಿದರು. ಕೊನೆಯ ಕ್ಷಣಗಳಲ್ಲಿ ಅವಿನೊ ಗಾಳಿಯಂತೆ ಕಂಬದ ಕಡೆ ಹೋಗಿ, ಗಕ್ಕನೆ ತಿರುಗಿ ಓಟಗಾರ್ತಿಯ ಭುಜ ಮುಟ್ಟಿದಳು. ಔಟ್! ಆದರೆ ನನ್ನ ಟವೆಲ್ ಅದಕ್ಕೂ ಮೊದಲೇ ಮೇಲೇರಿತ್ತು. ಕಂಬ ದಾಟದೆ ತಿರುಗಿದಳು, ಫೌಲ್. ಅಷ್ಟರಲ್ಲಿ ಸಮಯ ಮುಗಿಯಿತು.

ಅವಿನೊ ನೇರ ನನ್ನ ಹತ್ತಿರ ಬಂದಳು. ಕಣ್ಣಲ್ಲಿ ಕೆಂಡ! ಟವೆಲ್ ಕಸಿದು ನೆಲಕ್ಕೆ ಒಗೆದು, ನನ್ನ ರಟ್ಟೆ ಹಿಡಿದು ಕಂಬದವರೆಗೆ ಎಳೆದೊಯ್ದಳು. ನನ್ನ ಮೂವತ್ತೊಂದು ವರ್ಷದಲ್ಲಿ ಯಾವ ಹುಡುಗಿಯೂ ನನ್ನ ರಟ್ಟೆ ಹಿಡಿದಿರಲಿಲ್ಲ. ಅವಳು ಬಗ್ಗಿ ಮಣ್ಣಿನಲ್ಲಿ ಬೆರಳಿಟ್ಟು ತೋರಿಸಿದಳು. ಕಂಬದಿಂದ ಒಂದು ಗೇಣು ಆಚೆ ಅವಳ ಪಾದದ ಗುರುತು ಹಸಿಯಾಗಿ ಮೂಡಿತ್ತು. ಅದರ ಮೇಲೆ ಪಾದವಿಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತಳು.

ಫೌಲ್ ವಾಪಸ್ ತೆಗೆದುಕೊಂಡೆ. ಏಳು-ಆರು. ಎಂಟು ಹುಡುಗಿಯರು ಓಡಿಬಂದು ಅವಳ ಬೆನ್ನಿಗೆ ಒಂದೊಂದು ಏಟು ಹಾಕಿದರು. ನಾನು ಅಲ್ಲೇ ಕೂತು ಎಲ್ಲರೆದುರು ಅತ್ತೆ, ಖುಷಿಗೆ.

ಊರಿಗೆ ಬಂದ ಮೇಲೆ ಕೊಟ್ಟೂರಿನಲ್ಲಿ ಬೆಳಗಿನ ಹೊತ್ತು ಮಕ್ಕಳಿಗೆ ಮತ್ತೆ ಖೊ-ಖೊ ಕಲಿಸುತ್ತಿದ್ದೇನೆ. ಸೊಕ್ಕಿನವಳು, ಮೊಂಡಿ ಎಂದು ನಾನು ಹೊರಗೆ ಕೂರಿಸಿದ ಎಷ್ಟೋ ಹುಡುಗಿಯರ ಮುಖ ಈಗ ನೆನಪಾಗುತ್ತವೆ. ಯಾಕೆ ಹಾಗೆ ಮಾಡಿದಿ ಅಂತ ಅವರಲ್ಲಿ ಒಬ್ಬಳನ್ನೂ ನಾನು ವಿಚಾರಿಸಿರಲಿಲ್ಲ. ತೀರ್ಪು ಕೊಡುವುದು ನನ್ನ ಕೆಲಸ ಎಂದುಕೊಂಡೇ ನಿವೃತ್ತಳಾದೆ. ಕಂಬದವರೆಗೆ ನಡೆದು ಹೋಗಿ ನೋಡುವುದೂ ಅದೇ ಕೆಲಸದ ಭಾಗ ಎಂದು ಕಲಿಸಲು ಅವಿನೊ ಬರಬೇಕಾಯಿತು.