ಎಂಟು ಬಣ್ಣದ ಕೌದಿ

ಲೆಕ್ಕದ ಮಾಸ್ತರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ಸೀಮೆಸುಣ್ಣ ಕೂತಿರುತ್ತಿತ್ತು. ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ ಬಂದರೂ ಆ ಉಗುರು ಬೆಳ್ಳಗೆ. ಒಂದು ದಿನ ನನ್ನ ಮೊಮ್ಮಗಳ ಹೆಬ್ಬೆರಳು ನೋಡಿದೆ. ಅಲ್ಲೂ ಅದೇ ಬಿಳಿ. ಅವತ್ತು ನನ್ನ ಹೊಟ್ಟೆಯಲ್ಲಿ ಬಿದ್ದ ಕಿಚ್ಚು ಇವತ್ತಿಗೂ ಪೂರ್ತಿ ಆರಿಲ್ಲ.

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ತಡೆದುಕೊಳ್ಳಲು ಆಗುತ್ತಿಲ್ಲ. ಹೋದ ವಾರ ಆ ಹುಡುಗಿ ಡಾಕ್ಟರೇಟ್ ಮುಗಿಸಿ ಬಂದು, ತಾನು ಇಂಗ್ಲಿಷಿನಲ್ಲಿ ಬರೆದ ದಪ್ಪ ಪುಸ್ತಕವನ್ನು ನನ್ನ ತೊಡೆಯ ಮೇಲೆ ಇಟ್ಟಳು. ನಾನು ಕಲಿತದ್ದು ಮೂರನೇ ತರಗತಿ. ಆ ಪುಸ್ತಕ ತಲೆಕೆಳಗಾಗಿ ಹಿಡಿದರೂ ನನಗೆ ತಿಳಿಯುವುದು ಅಷ್ಟೇ. ಆದರೂ ಓಣಿಯವರಿಗೆಲ್ಲ ತೋರಿಸಿದೆ. ಹಾಲು ಹಾಕುವವಳಿಗೆ ಎರಡು ಸಲ. ಆ ಸಂಭ್ರಮದಲ್ಲೇ ಬರೆಯಲು ಕೂತರೆ ಮೊದಲು ನೆನಪಾಗುವವರು ಮಾಸ್ತರು. ಅದಕ್ಕೂ ನನಗೆ ಸಿಟ್ಟು.

ಅವರು ಹರಪನಹಳ್ಳಿಯಲ್ಲಿ ಕಾಲೇಜು ಹುಡುಗರಿಗೆ ಲೆಕ್ಕ ಕಲಿಸಿ, ನಿವೃತ್ತರಾದ ಮೇಲೆ ಕೂಡ್ಲಿಗಿಗೆ ಬಂದು ನಮ್ಮ ಎದುರು ಮನೆಯನ್ನು ಬಾಡಿಗೆಗೆ ಹಿಡಿದರು. ಹೆಂಡತಿ ತೀರಿದ್ದರು, ಮಕ್ಕಳಿರಲಿಲ್ಲ. ಚಹಾದ ಕಪ್ಪು-ಬಸಿ ಇರಲಿ, ಚಪ್ಪಲಿ ಇರಲಿ, ಏನು ಇಟ್ಟರೂ ಒಂದು ಸುತ್ತು ತಿರುಗಿಸಿ ಇಡುವ ಚಟ. ಯಾರಿಗೂ 'ತಪ್ಪು' ಎಂದವರಲ್ಲ. "ಇನ್ನೊಮ್ಮೆ ತಿರುವಿ ನೋಡು" ಅನ್ನುತ್ತಿದ್ದರು, ಅಷ್ಟೇ.

ಮೊಮ್ಮಗಳು ಆಗ ಪಿಯುಸಿ. ಹುಟ್ಟಿದಾಗಿನಿಂದ ನನ್ನ ಮಗ್ಗುಲಲ್ಲಿ, ನಾನು ಹೊಲಿದ ಕೌದಿಯೊಳಗೆ ಮಲಗಿದವಳು. ಹಳೆ ಸೀರೆಯ ತುಂಡು ಕೂಡಿಸಿ ಕೌದಿ ಹೊಲಿಯುವುದೊಂದೇ ನನಗೆ ಬರುವ ವಿದ್ಯೆ; ಅದನ್ನು ಅವಳಿಗೆ ಕೊಡಬೇಕೆಂದಿದ್ದೆ. ಮಾಸ್ತರು ಬಂದ ಮೇಲೆ ಅವಳು ನನ್ನ ತಾಟಿನಲ್ಲಿ ಉಂಡು ಎದುರು ಬಾಗಿಲು ನೋಡತೊಡಗಿದಳು. ಹೋಳಿಗೆ ಮಾಡಿದರೆ ನಾನು ಬಾಯಿಗೆ ಇಡುವ ಮೊದಲೇ ಎರಡು ಅತ್ತ ಹೋಗುತ್ತಿದ್ದವು.

"ಏನ್ ಮಾಟ ಮಾಡ್ಯಾರಲೇ ನಿನಗ ಅವರು?" ಅಂದೆ.

"ಗಾಳಿ ತೋರಿಸ್ತಾರ ಅಜ್ಜಿ."

"ಗಾಳಿ ನಮ್ಮನ್ಯಾಗೂ ಐತಿ, ಕಿಟಕಿ ತಗಿ."

ಅವಳು ನಕ್ಕು, ಮಾಸ್ತರ ದನಿಯಲ್ಲೇ ಹೇಳಿದಳು: "ಗಾಳಿ ಕಾಣಂಗಿಲ್ಲ. ಜೋಳ ತೂಗೋದು ಕಾಣ್ತೈತಿ. ಅದು ತೂಗೋ ರೀತಿ ನೋಡಿ ಗಾಳಿ ಎಂಥಾದ್ದು ಅಂತ ಹೇಳಬೇಕು." ಲೋಕವೆಲ್ಲ ಯಾವುದರಿಂದ ಆಗಿದೆಯೋ ಆ ಅತಿ ಸಣ್ಣ ಕಣಗಳ ಗುಣವನ್ನೂ ಹೀಗೇ ಲೆಕ್ಕದಲ್ಲಿ ಹಿಡಿಯುತ್ತಾರಂತೆ. ಕಣ್ಣಿಗೆ ಕಾಣದ್ದನ್ನು ತೋರಿಸುವವರ ಮುಂದೆ ನನ್ನ ಕೌದಿ ಎಲ್ಲಿ ನಿಲ್ಲಬೇಕು?

ಅಷ್ಟರಲ್ಲಿ ಮಾಸ್ತರು, ಇವಳನ್ನು ಮುಂದಕ್ಕೆ ಧಾರವಾಡದಲ್ಲಿ ಓದಿಸಬೇಕೆಂದು ನನ್ನ ಮಗನ ಬೆನ್ನು ಹತ್ತಿದರು. ಅವನು, "ಅವ್ವ ಹ್ಞೂಂ ಅಂದ್ರ ನಂದೂ ಹ್ಞೂಂ" ಅಂದ. ನಾನು ಉಹ್ಞೂಂ ಎನ್ನುವುದೆಂದು ನಿಶ್ಚಯ ಮಾಡಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ.

ಹಾಗಿರುವಾಗ ಒಂದು ದಿನ ಅವಳೇ ಬಂದು, "ಅಜ್ಜಿ, ಎಂಟು ಬಣ್ಣದ ಚೌಕದ ತುಂಡು ಬೇಕು. ಒಂದೊಂದು ಬಣ್ಣದ್ದು ಎಂಟೆಂಟು" ಅಂದಳು. ಹುಡುಗಿ ಸೂಜಿ ಹಿಡಿಯುತ್ತಾಳೆ ಎಂದು ಹಿಗ್ಗಿ, ನನ್ನ ಮದುವೆಯ ಕೆಂಪು ಸೀರೆಗೂ ಕತ್ತರಿ ಹಾಕಿದೆ. ತುಂಡುಗಳನ್ನು ಉಡಿಯಲ್ಲಿ ತುಂಬಿಕೊಂಡು ಅವಳು ನೆಟ್ಟಗೆ ಎದುರು ಮನೆಗೆ ಹೋದಳು!

ಕೇಳಿದ್ದಕ್ಕೆ ಹೇಳಿದಳು: "ಚೌಕದ ಬಟ್ಟಿ ಎತ್ತಿ ಮತ್ತ ಅದೇ ಜಾಗಕ್ಕ ಸರಿಯಾಗಿ ಕೂಡ್ಸಾಕ ಎಂಟ ದಾರಿ ಅದಾವ. ಸುಮ್ಮನ ಬಿಡೋದೂ ಸೇರಿ ನಾಕು ತಿರುಗ್ಸೋದು, ನಾಕು ಮಗುಚೋದು. ಒಂದೊಂದಕ್ಕ ಒಂದೊಂದು ಬಣ್ಣ. ಒಂದರ ಮ್ಯಾಲೆ ಇನ್ನೊಂದು ಮಾಡಿದ್ರೂ ಆ ಎಂಟರಾಗಿಂದ ಒಂದ ಬರತೈತಿ. ಮಗ್ಗಿ ಕೋಷ್ಟಕದಂಗ ಅಡ್ಡ ಎಂಟು, ಉದ್ದ ಎಂಟು ಸಾಲು ಮಾಡಿ, ಬಂದ ಬಣ್ಣಾನ ಅದರ ಜಾಗದಾಗ ಇಡ್ತೀವಿ."

ಇಬ್ಬರೂ ಪುಸ್ತಕ ತರಲು ಕೊಟ್ಟೂರಿಗೆ ಹೋದ ದಿನ ಮಾಸ್ತರ ಮನೆಯ ಕೀಲಿ ನನ್ನ ಹತ್ತಿರ ಇತ್ತು. ಕಸ ಹೊಡೆಯಲು ಹೋದೆ. ನೆಲದ ಮೇಲೆ ನನ್ನ ಸೀರೆಗಳು! ಗಾಳಿಗೆ ಹಾರದಂತೆ ಎಂಟೆಂಟು ತುಂಡು ಕೂಡಿಸಿ, ದಾರ ಹಾಕಿ, ಎಂಟು ಪಟ್ಟಿ ಮಾಡಿದ್ದಳು. ಕೆಂಪು ಮೂಲೆಯಿಂದ ಮೂಲೆಗೆ ಮೆಟ್ಟಿಲಿನ ಹಾಗೆ ಇಳಿದಿತ್ತು. ಹಾಗೆ ಒಂದೇ ಬಣ್ಣ ಮೂಲೆಗೆ ಮೂಲೆಯಾದರೂ ಒಂದಕ್ಕೊಂದು ತಾಗಿದರೆ ನಮ್ಮಲ್ಲಿ ಕೌದಿ ಎನ್ನುವುದಿಲ್ಲ. ಹೊಟ್ಟೆಕಿಚ್ಚಿಗೆ ಅಷ್ಟು ನೆಪ ಸಾಕಾಯಿತು. ಮೇಲಿನದೊಂದು ಪಟ್ಟಿ, ಕೆಳಗಿನದೊಂದು ಪಟ್ಟಿ ಎಂದು ಅದಲು ಬದಲು ಮಾಡಿ, ಕೆಳಗೆ ಹಳೆ ಧೋತರ ಇಟ್ಟು, ಅವರು ಬರುವಷ್ಟರಲ್ಲಿ ದೊಡ್ಡ ದೊಡ್ಡ ಹೊಲಿಗೆ ಹಾಕಿ ಹೊಲಿದುಬಿಟ್ಟೆ. ಒಂದು ಮೂಲೆ ಮಾತ್ರ ಉಳಿದಿತ್ತು.

ಮೊಮ್ಮಗಳು ಹೊಸ್ತಿಲಲ್ಲೇ ಅಳತೊಡಗಿದಳು. "ಹದಿನೈದು ದಿನದ ಕೆಲಸ, ಅಜ್ಜಿ!"

ಮಾಸ್ತರು ನೆಲಕ್ಕೆ ಕೂತು ಮೊದಲ ತುಂಡಿನಿಂದ ಬೆರಳಾಡಿಸುತ್ತಾ ಹೋದರು. ಒಂದು ಸಾಲು, ಎರಡು ಸಾಲು, ಎಂಟೂ ಸಾಲು. ಆಮೇಲೆ ನಕ್ಕರು.

"ಅಳಬ್ಯಾಡವಾ. ನಿಮ್ಮಜ್ಜಿ ಪಟ್ಟಿ ಪಟ್ಟೀನ ಎತ್ತಿ ಇಟ್ಟಾರ, ಒಂದು ತುಂಡೂ ಕಿತ್ತಿಲ್ಲ. ಮೊದಲನೇ ತುಂಡು ನೋಡು, ಯಾವ ಪಟ್ಟಿ ಅಂತ ಅದ ಹೇಳತೈತಿ. ಕುಂತ ಜಾಗ ಬದಲಾಗ್ಯಾವ, ಸಂಬಂಧ ಬದಲಾಗಿಲ್ಲ."

ಸುಳ್ಳು ಹೊಗಳಿಕೆ ನನಗೆ ಬೇಕಿರಲಿಲ್ಲ. "ಚಂದ ಮಾಡಾಕ ಹೊಲೀಲಿಲ್ರಿ, ಕೆಡಸಾಕ ಹೊಲಿದೆ" ಅಂದುಬಿಟ್ಟೆ.

"ಗೊತ್ತೈತ್ರಿ ಅಕ್ಕಾರ. ಆದ್ರ ನಿಮ್ಮ ಕೈಗೆ ಕೆಡಸಾಕ ಬರಂಗಿಲ್ಲ."

ಮೊಮ್ಮಗಳು ಮೂಗು ಒರೆಸಿಕೊಂಡು ಹಿಂದಿನಿಂದ ಬಂದು ನನ್ನ ಹೆಗಲಿಗೆ ಗದ್ದ ಊರಿದಳು. ಚಿಕ್ಕವಳಿದ್ದಾಗ ಊರುತ್ತಿದ್ದ ಹಾಗೆಯೇ. ಅವಳ ಕೆನ್ನೆ ಒರೆಸಿ ಮಾಸ್ತರನ್ನು ಕೇಳಿದೆ: "ಧಾರವಾಡಕ್ಕ ಯಾವಾಗ ಕಳಸಬೇಕ್ರಿ?"

ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದರ ಹೊಟ್ಟೆ ತುಂಬಿಸುವುದು ನಮ್ಮ ಪದ್ಧತಿ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ. ನಾನು ನಾಲ್ಕು ಕಾಳು ಅಕ್ಕಿ ಹಾಕಿದೆ. ಮಾಸ್ತರು, "ನಂದೂ ಒಂದು ತುತ್ತು ಇರಲ್ರಿ" ಎಂದು ಜೇಬಿನಿಂದ ಸೀಮೆಸುಣ್ಣದ ಚೂರು ತೆಗೆದು ಒಳಗೆ ತುರುಕಿದರು. ಆ ಕೌದಿಯನ್ನು ಅವರಿಗೇ ಕೊಟ್ಟೆ. ನೀರಿಗೆ ಹಾಕದೆ, ಬಿಸಿಲಿಗಷ್ಟೇ ಒಡ್ಡಿ, ಕೊನೆಯವರೆಗೂ ಅದನ್ನೇ ಹೊದ್ದರು.

ಹೋದ ವರ್ಷ ತೀರಿಕೊಂಡರು, ಪುಸ್ತಕ ನೋಡಲಿಲ್ಲ. ಸತ್ತವರ ಹಾಸಿಗೆ ಮನೆಗೆ ತರಬಾರದು ಎಂದು ಓಣಿಯವರು ಅಂದರು. ನಾನು ಕೌದಿ ತಂದುಬಿಟ್ಟೆ.

ಮೊನ್ನೆ ಮೊಮ್ಮಗಳಿಂದ ಪುಸ್ತಕದ ಮೊದಲ ಹಾಳೆ ಓದಿಸಿದೆ. 'ನನ್ನ ಮಾಸ್ತರಿಗೆ, ನನ್ನ ಅಜ್ಜಿಗೆ' ಎಂದಿದೆಯಂತೆ.

"ಯಾಕಲೇ, ನಾನು ಹಿಂದ?"

"ಕುಂತ ಜಾಗ ಅಷ್ಟ, ಅಜ್ಜಿ" ಅಂದಳು ಕಳ್ಳಿ.

ಅವಳು ಒಳಗೆ ಹೋದ ಮೇಲೆ ಕೌದಿ ಒಗೆಯಲು ತೆಗೆದೆ. ನೀರಿಗೆ ಹಾಕುವ ಮೊದಲು ಆ ಮೂಲೆಯ ಹೊಲಿಗೆ ಬಿಚ್ಚಿ ಬೆರಳು ಹಾಕಿದೆ. ಸೀಮೆಸುಣ್ಣ ಪುಡಿಯಾಗಿ ಅಕ್ಕಿಕಾಳಿಗೆ ಮೆತ್ತಿತ್ತು. ಕೈ ಹೊರಗೆ ತೆಗೆದಾಗ ನನ್ನ ಹೆಬ್ಬೆರಳಿನ ಉಗುರೂ ಬೆಳ್ಳಗಾಗಿತ್ತು. ಮೂಲೆಯನ್ನು ಮತ್ತೆ ಹೊಲಿದೆ. ಕೌದಿ ಒಗೆಯಲಿಲ್ಲ, ಕೈಯನ್ನೂ ತೊಳೆಯಲಿಲ್ಲ.