ಬಾಣಂತಿ ಕೋಣೆಯ ಇದ್ದಿಲು

ಅಣುಶಕ್ತಿಯಿಂದ ಕರೆಂಟು ಮಾಡುವುದು ಸರಿಯೋ ತಪ್ಪೋ ಎಂದು ನಮ್ಮ ಮನೆಯಲ್ಲಿ ಮಾತು ಬಂದರೆ ನಾನು ಸರಿ ಎನ್ನುವ ಕಡೆ. ಓದಿದ ಮೊಮ್ಮಕ್ಕಳು ನಗುತ್ತಾರೆ. ನಗಲಿ, ನನಗೇನು. ಅವರು ಪೇಪರು ಓದಿ ವಾದಕ್ಕೆ ಕೂರುತ್ತಾರೆ, ನಾನು ನನ್ನ ನಾದಿನಿಯನ್ನು ನೆನೆದು ಕೂರುತ್ತೇನೆ. ಈ ವಾದವನ್ನು ನಾನು ಕಲಿತದ್ದು ನನ್ನ ಗಂಡನಿಂದ, ಮಳವಳ್ಳಿಯ ನಮ್ಮ ಮನೆಯ ಜಗಲಿಯ ಮೇಲೆ, ಯುದ್ಧ ನಿಂತ ಮಾರನೆಯ ವರ್ಷ.

ನಮ್ಮದು ಬೇಸಾಯದ ಮನೆತನ. ಮಾವ ತೀರಿಹೋಗಿದ್ದರು, ಯಜಮಾನಿಕೆಯೆಲ್ಲ ಅತ್ತೆಯದು. ನನ್ನ ಗಂಡ ಮಾತ್ರ ನೇಗಿಲು ಹಿಡಿಯದೆ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ಗೋಡೆಯಾಚೆಗಿನ ಮನೆ ಒಬ್ಬ ಸಾಬರದು; ಮದ್ದೂರಿಗೆ ಹೋಗಿಬರುವ ಬಸ್ಸಿನ ರಿಪೇರಿ ಮಾಡುವವರು. ಯುದ್ಧದಲ್ಲಿ ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ದೊಡ್ಡ ಪೀಪಾಯಿ ಕಟ್ಟಿ, ಅದರೊಳಗೆ ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲೇ ಗಾಡಿ ಓಡಿಸುತ್ತಿದ್ದರು. ದಿಬ್ಬ ಬಂದರೆ ಜನರೇ ಇಳಿದು ತಳ್ಳಬೇಕು. ಬಸ್ಸಿಳಿದು ಬಂದವರ ಮುಖ ನೋಡಿದರೆ ಒಲೆ ಒಳಗಿಂದ ಎದ್ದು ಬಂದಂತಿರುತ್ತಿತ್ತು. ಯುದ್ಧ ಮುಗಿದರೂ ಆ ಪೀಪಾಯಿ ಇನ್ನೂ ಇಳಿದಿರಲಿಲ್ಲ.

ಸಂಜೆ ಸ್ಕೂಲು ಬಿಟ್ಟ ಮೇಲೆ ನಮ್ಮವರು ಜಗಲಿಯ ಮೇಲೆ ಕಾಲು ಮಡಿಸಿ ಕೂತರೆ ಸಾಬರೂ ಬಂದು ಕೂರುತ್ತಿದ್ದರು. ನಮ್ಮವರಿಗೆ ಆಗ ಅಣುವಿನ ಹುಚ್ಚು. ಜಪಾನಿನ ಎರಡು ಊರು ಸುಟ್ಟ ಸುದ್ದಿ ಓದಿ ಊಟ ಬಿಟ್ಟು ಮಲಗಿದ್ದವರು, ಅದೇ ಶಕ್ತಿಯಿಂದ ಮುಂದೆ ಮನೆಗೆ ದೀಪ ಹಚ್ಚಬಹುದಂತೆ ಎಂದು ಯಾವುದೋ ಪೇಪರಿನಲ್ಲಿ ಓದಿದ್ದೇ ಎದ್ದು ಕೂತರು.

"ಊರೂರೇ ಬೂದಿ ಮಾಡಿದ್ ಬೆಂಕಿನ ತಂದು ಮನೇಲಿಕ್ಕಳಿ ಅಂತೀರಲ್ಲ ಮೇಷ್ಟ್ರೇ, ತಲೆ ನೆಟ್ಟಗೈತಾ?" ಎಂದು ಸಾಬರು ಕೇಳುತ್ತಿದ್ದರು.

"ಸೀಮೆಎಣ್ಣೆನೂ ಮನೆ ಸುಡ್ತದೆ ಕಣಣ್ಣ, ಅದ್ಕೇ ಬುಡ್ಡಿ ಹಚ್ಚೋದು ಬುಟ್ಟಿದ್ದೀಯಾ?" ನಮ್ಮವರು ಶುರುಮಾಡುತ್ತಿದ್ದರು. "ಶಿವನಸಮುದ್ರದ ಕರೆಂಟು ನಮ್ ತಾಲ್ಲೂಕಲ್ಲೇ ಹುಟ್ತದೆ, ನಮ್ ಬೀದಿಗೇ ಇಲ್ಲ. ಹೊಳೇಲಿ ನೀರು ತಗ್ಗಿದ್ರೆ ಅದೂ ಇಲ್ಲ. ಇನ್ನು ನಮ್ ಗತಿ ಸೌದೆ, ಬೆರಣಿ, ನಿನ್ ಇಜ್ಜಲು. ಬೆಳಕವಾಡಿ ಕಡೆ ಕಾಡು ನೋಡ್ಕಂಬಾ ಹೋಗು, ನಿನ್ ಬಸ್ಸು ಎಷ್ಟು ತಿಂದದೆ ಅಂತ. ಇದಾದ್ರೆ ಹಿಡಿಯಷ್ಟು ಲೋಹ. ಹೊಗೆ ಇಲ್ಲ, ಮಸಿ ಇಲ್ಲ. ನಮ್ಮವ್ವನ ಕಣ್ಣು ನೋಡು, ಒಲೆ ಊದಿ ಊದಿ ಏನಾಗವೆ. ಒಂದೇ ಸಲ ಊರು ಸುಟ್ರೆ ಪೇಪರ್ನಲ್ಲಿ ಬರೀತಾರೆ. ದಿನಾ ಒಬ್ಬೊಬ್ರನ್ನೇ ಹೊಗೆ ತಿಂದ್ರೆ ಯಾರು ಬರೀತಾರೆ?"

ಆ ಮಾತು ಇವತ್ತಿಗೂ ಸುಳ್ಳೆಂದು ನನಗನ್ನಿಸಿಲ್ಲ. ಒಳಗೆ ರೊಟ್ಟಿ ಸುಡುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದ ನನಗೆ ಅದು ದೇವರ ಮಾತಿನ ಹಾಗೆ ಕೇಳುತ್ತಿತ್ತು. ಅತ್ತೆ ಮಾತ್ರ, "ಬಾಯಲ್ಲೇ ಬೆಂಕಿ ಹತ್ತಿಸ್ತಾನೆ, ಒಲೆಗೊಂದು ಸೌದೆ ತಂದಾಕಾಕಿಲ್ಲ" ಎನ್ನುತ್ತಿದ್ದರು.

ಒಂದು ಸಂಜೆ ನಮ್ಮವರು ಬಸ್ಸಿನ ಗ್ಯಾಸಿನ ಪಾಠವನ್ನೂ ಮಾಡಿದರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಯಾಡದ ಕಡೆ ಅದು ತುಂಬಿಕೊಂಡರೆ ಮಲಗಿದವನು ಮಲಗಿದಂತೆಯೇ ಹೋಗುತ್ತಾನೆ ಎಂದರು. ಸಾಬರು ಹೌದೆಂದು ತಲೆಯಾಡಿಸಿದರು. ಶೆಡ್ಡಿನ ಬಾಗಿಲು ಹಾಕಿ ಪೀಪಾಯಿ ಹೊತ್ತಿಸಿದ್ದ ಡ್ರೈವರೊಬ್ಬ ತಲೆತಿರುಗಿ ಬಿದ್ದದ್ದನ್ನು ಅವರು ಕಂಡಿದ್ದರು. ಅದು ಬಸ್ಸಿನ ಮಾತು, ಗಂಡಸರ ಮಾತು. ಮನೆಯ ಕೆಂಡಕ್ಕೂ ಆ ಪೀಪಾಯಿಗೂ ನಂಟು ಹಾಕಿ ಯೋಚಿಸಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಆ ಮಳೆಗಾಲದಲ್ಲಿ ನಾದಿನಿ ಚೊಚ್ಚಲ ಹೆರಿಗೆಗೆ ದುದ್ದದಿಂದ ಬಂದಳು. ನನಗಿಂತ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. "ಅತ್ಗೆ, ನಮ್ಮಣ್ಣನ ಅಣು ಬರಗಂಟ ನಿನ್ ಮುದ್ದೆ ಬೇಯಾಕಿಲ್ವಾ?" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಅವಳು ಬಂದ ಮೇಲೆ ಮನೆಯಲ್ಲಿ ನಗು ಇತ್ತು. ಹೆಣ್ಣುಮಗು ಸುಸೂತ್ರವಾಗಿ ಆಯಿತು.

ಬಾಣಂತಿಗೆ ನಮ್ಮ ಕಡೆ ಒಂದೇ ಶತ್ರು, ಗಾಳಿ. ಗಾಳಿ ಸೋಕಿದರೆ ಸನ್ನಿ, ಸನ್ನಿ ಬಂದರೆ ಸಾವು. ಅತ್ತೆ ನಡುಮನೆಯ ಪಕ್ಕದ ಕೋಣೆಯ ಕಿಟಕಿಗೆ ಹಳೆ ಸೀರೆ ತುರುಕಿದರು, ಬಾಗಿಲ ಸಂದಿಗೆ ಗೋಣಿ ಒತ್ತಿದರು. ಮಂಚದ ಕೆಳಗೆ ಅಗ್ಗಿಷ್ಟಿಕೆ. ಅದಕ್ಕೆ ಸೌದೆ ಬೇಡ, ಬೆರಣಿ ಬೇಡ ಎಂದು ಹಟ ಹಿಡಿದರು. ಜೀವಮಾನವೆಲ್ಲ ಹೊಗೆ ಕುಡಿದ ಹೆಂಗಸು, ಮಗಳಿಗೆ ಅದು ಬೇಡವಾಗಿತ್ತು. "ಒಗೆ ಇಲ್ದಿರೋ ಬೆಂಕಿ ಆಗ್ಬೇಕು ಕಣಮ್ಮ, ಕೂಸಿನ ಕಣ್ಣು ಎಳೇದು" ಎಂದರು. ಸಾಬರು ಬಸ್ಸಿಗೆಂದು ತರಿಸಿದ್ದ ಒಳ್ಳೆ ಗಟ್ಟಿ ಇದ್ದಿಲನ್ನು ಒಂದು ಚೀಲ ತಂದುಕೊಟ್ಟರು. ಅವರ ಹೆಂಡತಿಯೂ ಬಸುರಿ; ನಮ್ಮ ಮನೆಯ ಬಾಣಂತನ ಅವರಿಗೂ ಸಂಭ್ರಮವೇ. ಆ ಇದ್ದಿಲು ಚೆನ್ನಾಗಿ ಕೆಂಪಗೆ ಹಿಡಿಯಿತು, ಒಂದೆಳೆ ಹೊಗೆಯೂ ಇಲ್ಲ.

ಪುರುಡು ಕಳೆಯುವ ತನಕ ಗಂಡಸರು ಆ ಕೋಣೆಯ ಹೊಸ್ತಿಲು ತುಳಿಯುವಂತಿರಲಿಲ್ಲ. ನಮ್ಮವರು ತಂಗಿಯ ಮಗುವಿನ ಮುಖವನ್ನೂ ನೋಡಿರಲಿಲ್ಲ, ಜಗಲಿಯಿಂದಲೇ "ಹೆಂಗವ್ಳೆ?" ಎಂದು ಕೇಳುವುದು, ಒಳಗಿಂದ ಅವಳೇ "ಬೆಂದೋಯ್ತಾ ಇವ್ನಿ ಕಣಣ್ಣ" ಎಂದು ಕೂಗುವುದು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ. ವಿಷ ಯಾವುದೆಂದು ತಿಳಿದಿದ್ದವರು ಒಳಗೆ ಬರುವಂತಿರಲಿಲ್ಲ. ಒಳಗಿದ್ದ ನಮಗೆ ತಿಳಿದಿರಲಿಲ್ಲ. ತಲೆನೋವು ಎಂದು ನಾದಿನಿ ಎರಡು ಸಲ ಹೇಳಿದಳು. ನನಗೂ ಆ ಕೋಣೆಯಲ್ಲಿ ತಲೆ ಭಾರವಾಗುತ್ತಿತ್ತು. ಖಾರದ ಉಂಡೆಯ ಕಾವು ಎಂದರು ಅತ್ತೆ. ಅವರಿಗಿಂತ ಹೆಚ್ಚು ಬಾಣಂತನ ಕಂಡವರು ಆ ಬೀದಿಯಲ್ಲಿ ಯಾರಿದ್ದರು?

ಅವತ್ತು ಜಡಿಮಳೆ. ಎಣ್ಣೆನೀರು ಎರೆದು, ಕಂಬಳಿ ಹೊದಿಸಿ, ಬೆವರು ಬರಲಿ ಎಂದು ಅಗ್ಗಿಷ್ಟಿಕೆಯ ತುಂಬ ಇದ್ದಿಲು ಹಾಕಿ, ಅತ್ತೆ ಬಾಗಿಲೆಳೆದರು. ಮಗುವನ್ನು ಬಚ್ಚಲಲ್ಲಿ ಕಾಲ ಮೇಲೆ ಹಾಕಿಕೊಂಡು ನೀರೆರೆದರು. ಮಗು ಅಲ್ಲೇ ಮಡಿಲಲ್ಲಿ ನಿದ್ದೆ ಹೋಯಿತು, ಎದ್ದು ಹಾಲಿಗೆ ಅತ್ತಾಗ ನಾನು ಎತ್ತಿಕೊಂಡು ಹೋದೆ. ನಾದಿನಿಯ ಮುಖ ಕೆಂಪಗೆ, ಕಳೆಕಳೆಯಾಗಿತ್ತು. ಎಣ್ಣೆನೀರು ಒಗ್ಗಿದೆ ಎಂದುಕೊಂಡೆ. ಮಗುವನ್ನು ಎದೆಗೆ ಹಚ್ಚಿದೆ, ಅದು ಬಾಯಿ ಹಾಕಿ ಚೀಪಿತು ಕೂಡ. ಅವಳ ಕೈ ಎತ್ತಿ ಮಗುವಿನ ಬೆನ್ನಿಗಿಡಲು ಹೋದಾಗ ಕೈ ಜಾರಿ ಬಿತ್ತು. ನನ್ನ ಬಾಯಿಂದ ಹೊರಟ ಕೂಗು ನನಗೇ ಕೇಳಿಸಲಿಲ್ಲ.

ಪುರುಡು ಗಿರುಡು ಮರೆತು ನಮ್ಮವರು ಒಳಗೆ ನುಗ್ಗಿದರು. ಕಿಟಕಿ ನೋಡಿದರು, ಗೋಣಿ ನೋಡಿದರು, ಮಂಚದ ಕೆಳಗೆ ಬಗ್ಗಿದರು. ಅಲ್ಲೇ ನೆಲಕ್ಕೆ ಕುಸಿದರು. ಕೋಣೆಯ ಗಾಳಿಗೆ ತಲೆ ಸುತ್ತಿತೋ, ಅರ್ಥವಾಗಿ ಸುತ್ತಿತೋ ನಾನು ಹೇಳಲಾರೆ.

ಬಸ್ಸಿನ ಪೀಪಾಯಿಯ ಗ್ಯಾಸೇ ಆ ಅಗ್ಗಿಷ್ಟಿಕೆಯಿಂದಲೂ ಬಂದು ಕೋಣೆ ತುಂಬಿತ್ತೆಂದು, ಮಣ್ಣು ಮಾಡಿ ಬಂದ ಮೇಲೆ ಹಿತ್ತಿಲಲ್ಲಿ ನನ್ನೊಬ್ಬಳಿಗೆ ಹೇಳಿದರು. ಕೊನೆಗೆ, "ಅವ್ವಂಗೆ ತಿಳೀಕೂಡ್ದು. ತಿಳಿದ್ರೆ ಆವಮ್ಮನೂ ಉಳಿಯಾಕಿಲ್ಲ" ಎಂದರು. ನಾನು ಹೂಂಗುಟ್ಟಿದೆ. ಬಂದುಹೋದವರೆಲ್ಲ ಗಾಳಿ ಸೋಕಿತು ಎಂದರು, ಅತ್ತೆಯೂ ಹಾಗೇ ನಂಬಿದರು. ಮಗುವನ್ನು ಹಸುವಿನ ಹಾಲಿನಲ್ಲಿ ಸಾಕತೊಡಗಿದೆವು.

ಜಗಲಿಯ ಮಾತು ನಿಂತಿತು. ತಾವು ಕೊಟ್ಟ ಇದ್ದಿಲಿನದೇ ಕೆಲಸವೆಂದು ಸಾಬರೂ ಊಹಿಸಿದ್ದರು; ಒಂದು ಸಲ ತಾವಾಗಿಯೇ, "ನಿಮ್ ಅಣು ಬೆಂಕಿ ಬಂದಿದ್ರೆ ನಿಮ್ ತಂಗಿ ಬದುಕ್ತಿದ್ಲಾ ಮೇಷ್ಟ್ರೇ?" ಎಂದು ಕೇಳಿದರು. "ಬಂದಿದ್ರೆ ಇಜ್ಜಲು ಬೇಕಾಗ್ತಿರ್ಲಿಲ್ಲ ಕಣಣ್ಣ. ಆದ್ರೆ ಹೊಗೆ ಇಲ್ಲ ಅಂತ ನಂಬಿದ್ದಕ್ಕೇ ಅಲ್ವಾ..." ಎಂದು ನಮ್ಮವರು ಅಲ್ಲಿಗೇ ತಡೆದರು. ಅಣುವಿಗೂ ಹೊಗೆಯಿಲ್ಲ, ಅದರ ವಿಷವೂ ಕಣ್ಣಿಗೆ ಕಾಣದು. ಅದನ್ನು ಕಾಯುವವನಿಗೆ ಆ ವಿಷ ಎಲ್ಲಿ ಹೋಗುತ್ತದೆಂದು ಗೊತ್ತಿರಬೇಕು, ಗೊತ್ತಿದ್ದವನಿಗೆ ಒಳಗೆ ಹೋಗಿ ನೋಡುವ ಹಕ್ಕೂ ಇರಬೇಕು. ಅಷ್ಟಿದ್ದರೆ ಅದು ನಮ್ಮ ಒಲೆಗಳಿಗಿಂತ ಸಾವಿರ ಪಾಲು ಮೇಲು. ಇದು ಅವರು ಆಮೇಲೆ ನನಗೆ ಹೇಳಿದ್ದು, ಇವತ್ತು ನಾನು ಹಿಡಿದಿರುವ ವಾದವೂ ಇದೇ.

ಮೂರು ತಿಂಗಳಿಗೆ ಸಾಬರ ಹೆಂಡತಿಗೆ ಗಂಡುಮಗುವಾಯಿತು. ಸುದ್ದಿ ಬಂದದ್ದೇ ತಡ, ಅತ್ತೆ ಪೆಟ್ಟಿಗೆ ತೆಗೆದು ಹಳೆ ಸೀರೆಗಳನ್ನೆಲ್ಲ ಕಂಕುಳಿಗೆ ಇಟ್ಟುಕೊಂಡರು. "ನನ್ ಮಗಳ ಕ್ವಾಣೇಲಿ ಎಲ್ಲೋ ಒಂದು ಸಂದು ಬುಟ್ಬುಟ್ಟಿದ್ದೆ. ಈ ಉಡುಗಿ ಕ್ವಾಣೆ ನಾನೇ ನಿಂತು ಮುಚ್ಚುಸ್ತೀನಿ" ಎಂದು ಹೊರಟರು.

ನಮ್ಮವರು ಬಾಗಿಲಿಗೆ ಅಡ್ಡ ನಿಂತರು.

"ಅವ್ವಾ, ಗಾಳಿ ಸೋಕಿ ಸಾಯ್ಲಿಲ್ಲ ಅವ್ಳು. ಗಾಳಿ ಇಲ್ದೆ ಸತ್ಲು."

ಎಲ್ಲವನ್ನೂ ಹೇಳಿದರು. ಮುಗಿದ ಮೇಲೆ ಅತ್ತೆ, "ಇಜ್ಜಲಲ್ಲಿ ಇಸ ಐತೆ ಅಂತ ನಿಂಗೊತ್ತಿತ್ತಾ?" ಎಂದರು.

"ಗೊತ್ತಿತ್ತವ್ವ. ಕಿಟಕಿ ಮುಚ್ಚಿರೋದು ಗೊತ್ತಿರ್ಲಿಲ್ಲ."

"ಜಗಲಿ ಮ್ಯಾಲೆ ಕುಂತು ಲೋಕಕ್ಕೆಲ್ಲ ಏಳ್ತಿದ್ಯಲ್ಲೋ, ನನ್ ಕೈಲಿ ಒಂದ್ ಮಾತು ಏಳಬಾರದಾಗಿತ್ತೇನ್ಲಾ."

ನಮ್ಮವರು ಮಗುವಿನಂತೆ ಅತ್ತರು. ಅತ್ತೆ ಅಳಲಿಲ್ಲ. ಸೀರೆಗಳನ್ನು ಹೊಸ್ತಿಲ ಮೇಲೆ ಹಾಕಿ ಬರಿಗೈಯಲ್ಲಿ ಪಕ್ಕದ ಮನೆಗೆ ಹೋದರು. ನಾನು ಹಿಂದೆಯೇ ಓಡಿದೆ. ಅಲ್ಲೂ ಕಿಟಕಿಗೆ ಬಟ್ಟೆ, ಅಲ್ಲೂ ಮಂಚದಡಿಯಲ್ಲಿ ಕೆಂಡ; ಸಾಬರು ಶೆಡ್ಡಿನಲ್ಲಿದ್ದಾಗ ಹೆಂಗಸರೇ ಮಾಡಿಟ್ಟದ್ದು. ಅತ್ತೆ ಬಟ್ಟೆ ಕಿತ್ತೆಸೆದರು. ಬಾಣಂತಿ ಗಾಬರಿಯಿಂದ, "ಗಾಳಿ ಬತ್ತದಲ್ಲಮ್ಮಾ" ಎಂದಳು.

"ಬರ್ಲಿ ಕಣವ್ವ. ನಾನು ಗಾಳಿ ಬರ್ಬಾರ್ದು ಅಂತ ನನ್ ಮಗಳ್ನ ಕೊಂದ್ಕಂಡೆ" ಎಂದರು ಅತ್ತೆ.

ಅವರು ಆಮೇಲೆ ಹಲವು ವರ್ಷ ಬದುಕಿದರು. ನಮ್ಮ ಬೀದಿಯಲ್ಲಿ, ಆಚೆ ಬೀದಿಯಲ್ಲಿ ಎಲ್ಲಿ ಹೆರಿಗೆಯಾದರೂ ಕರೆಯದೆಯೇ ಹೋಗುತ್ತಿದ್ದರು. ಗುರುತಿಲ್ಲದ ಮನೆಯಾದರೆ ಹೊಸ್ತಿಲಲ್ಲಿ ನಿಂತು ಯಾರು ಬಂದಿದ್ದೀನೆಂದು ಹೇಳಬೇಕಲ್ಲ, ಮೇಷ್ಟ್ರ ತಾಯಿ ಎಂದು ಒಂದು ದಿನವೂ ಹೇಳಲಿಲ್ಲ. "ಮಗಳ್ನ ಕೊಂದೋಳು ಬಂದಿವ್ನಿ ಕಣ್ರವ್ವ, ಕಿಟಕಿ ತಗೀರಿ" ಎನ್ನುತ್ತಿದ್ದರು.